ಮುಚ್ಚಿದ ರೈಲು ನಿಲ್ದಾಣದ ಹಳೆಯ ನಕ್ಷೆ ಹುಡುಕಿ ಮಾದರಿ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರೈಲು ನಿಂತುಹೋದ ನಿಲ್ದಾಣವೊಂದನ್ನು ಅಳತೆಗೆ ತಕ್ಕಂತೆ ಪುಟ್ಟ ಮಾದರಿಯಾಗಿ ಕಟ್ಟಲು ಹೊರಟವರು ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಪತ್ರಾಗಾರಕ್ಕೆ ಇನ್ನೂ ಹೋಗದವರು ಮೊದಲಿನಿಂದ ಓದಿ. ನಕ್ಷೆ ಈಗಾಗಲೇ ಕೈಗೆ ಬಂದಿದ್ದರೆ ಮೂರನೆಯ ಭಾಗಕ್ಕೆ ನೇರವಾಗಿ ಹೋಗಬಹುದು.

## 1. ಹೊರಡುವ ಮುನ್ನ

ಫೋಟೊಗಳು ಬೇಕಾದಷ್ಟಿವೆ. ಅವನ್ನು ನೋಡಿಕೊಂಡೇ ಕಟ್ಟಿದರೆ ಸಾಲದೆ?

ಕ್ಯಾಮೆರಾ ಹಿಡಿದವರ ಕಣ್ಣು ಎಂಜಿನ್ನಿನ ಮೇಲಿರುತ್ತದೆ. ನಿಲ್ದಾಣ ಅದರ ಹಿಂದೆ ಅರ್ಧ ಮರೆಯಾಗಿ ಬರುತ್ತದೆ. ಮುಖ್ಯ ಕಟ್ಟಡದ ಹಿಂಬದಿ, ಗೂಡ್ಸ್ ಶೆಡ್ಡಿನ ಆಚೆ ಮಗ್ಗುಲು, ಶೌಚಾಲಯ, ವ್ಯಾಗನ್‌ಗಳನ್ನು ನಿಲ್ಲಿಸಿ ಸರಿಸುವ ಹಳಿಗಳ ಅಂಗಳವಾದ ಯಾರ್ಡಿನ ಕೊನೆ ಇವು ಯಾರ ಫೋಟೊದಲ್ಲೂ ಸಿಗುವುದಿಲ್ಲ. ಸಿಕ್ಕಿದರೂ ಒಂದಕ್ಕೊಂದು ಎಷ್ಟು ದೂರ ಎಂದು ಫೋಟೊ ಹೇಳುವುದಿಲ್ಲ. ಅದನ್ನು ಹೇಳುವುದು ನಕ್ಷೆ. ಆದರೆ ಗೋಡೆಯ ಗಾರೆ ಎಲ್ಲಿ ಉದುರಿತ್ತು, ಕಿಟಕಿಗೆ ಎಷ್ಟು ಸರಳುಗಳಿದ್ದವು ಎಂಬುದು ನಕ್ಷೆಗೆ ಗೊತ್ತಿಲ್ಲ. ಎರಡೂ ಬೇಕು.

ನಿಲ್ದಾಣವೇ ನೆಲಸಮವಾಗಿದೆ. ಅದರ ನಕ್ಷೆ ಮಾತ್ರ ಉಳಿದಿರುತ್ತದೆಯೇ?

ಬಹಳ ಸಲ ಉಳಿದಿರುತ್ತದೆ. 1963ರಲ್ಲಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ ಬ್ರಿಟನ್ನಿನಲ್ಲಿ 2,363 ನಿಲ್ದಾಣಗಳನ್ನು ಮುಚ್ಚಲು ಶಿಫಾರಸು ಮಾಡಿತು. ಅವುಗಳಲ್ಲಿ ಅನೇಕ ನಿಲ್ದಾಣಗಳು ಇಂದು ಹೊಲ, ರಸ್ತೆ, ವಾಹನ ನಿಲುಗಡೆಯ ಜಾಗಗಳಾಗಿವೆ. ಆದರೆ ರೈಲು ನಿಂತ ಮಾತ್ರಕ್ಕೆ ನೆಲದ ಲೆಕ್ಕ ಮುಗಿಯುವುದಿಲ್ಲ. ಗಡಿ ಯಾರದು, ಚರಂಡಿ ಎಲ್ಲಿ ಹರಿಯುತ್ತದೆ, ಸೇತುವೆಯ ಅಡಿಪಾಯ ಎಷ್ಟು ಆಳ ಎಂಬ ಪ್ರಶ್ನೆಗಳು ದಶಕಗಳ ಮೇಲೂ ಏಳುತ್ತವೆ. ಆದ್ದರಿಂದ ಜಮೀನು, ಚರಂಡಿ ಮತ್ತು ಸೇತುವೆಯ ಕಾಗದಗಳನ್ನು ಯಾರೂ ಸುಲಭವಾಗಿ ಎಸೆಯಲಿಲ್ಲ. ಹೆಚ್ಚು ಕಳೆದುಹೋದದ್ದು ಕಟ್ಟಡದ ಬಿಡಿಭಾಗಗಳ ರೇಖಾಚಿತ್ರಗಳು: ಬಾಗಿಲ ಚೌಕಟ್ಟು, ಚಾವಣಿಯ ಅಂಚಿನ ಮರದ ಜಾಲರಿ, ಬೆಂಚು. ಮಾದರಿ ಕಟ್ಟುವವರಿಗೆ ಪ್ರಿಯವಾದವು ಅವೇ ಆಗಿರುವುದು ದುಃಖದ ಸಂಗತಿ.

ಕಟ್ಟಡ ಇನ್ನೂ ನಿಂತಿದೆ, ಬೇರೆ ಕೆಲಸಕ್ಕೆ ಬಳಸುತ್ತಿದ್ದಾರೆ. ಟೇಪು ಹಿಡಿದು ಅಳೆದರೆ ಆಗುವುದಿಲ್ಲವೇ?

ಅನುಮತಿ ಪಡೆದು ಖಂಡಿತ ಅಳೆಯಿರಿ, ಅದು ದೊಡ್ಡ ಭಾಗ್ಯ. ಪ್ಯಾರಿಸ್ಸಿನ ಓರ್ಸೆ ನಿಲ್ದಾಣ 1986ರಲ್ಲಿ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಮ್ಯಾಂಚೆಸ್ಟರ್ ಸೆಂಟ್ರಲ್ 1969ರಲ್ಲಿ ಮುಚ್ಚಿತು, ಅದರ 64 ಮೀಟರ್ ಅಗಲದ ಕಮಾನು ಚಾವಣಿಯ ಕೆಳಗೆ ಈಗ ಸಮಾವೇಶಗಳು ನಡೆಯುತ್ತವೆ. ಗೋಡೆ ಮತ್ತು ಚಾವಣಿಯ ಅಳತೆ ಇಂತಹ ಕಡೆ ನೇರವಾಗಿ ಸಿಗುತ್ತದೆ.

ನೆಲದ ಮಟ್ಟವನ್ನು ಮಾತ್ರ ನಂಬಬೇಡಿ. ಹಳಿಗಳಿದ್ದ ತಗ್ಗನ್ನು ಮಣ್ಣು ತುಂಬಿ ಪ್ಲಾಟ್‌ಫಾರಂ ಮಟ್ಟಕ್ಕೆ ತಂದಿರುತ್ತಾರೆ. ಬಾಗಿಲುಗಳನ್ನು ಮುಚ್ಚಿ ಹೊಸ ಬಾಗಿಲು ಒಡೆದಿರುತ್ತಾರೆ. ನಿಂತ ಕಟ್ಟಡದಿಂದ ಸಿಗುವ ದೊಡ್ಡ ಉಪಕಾರ ಬೇರೆಯದು. ಬದಲಾಗದೆ ಉಳಿದ ಒಂದು ಉದ್ದ ಗೋಡೆಯನ್ನು ಅಳೆದುಕೊಂಡರೆ ಹಳೆಯ ನಕ್ಷೆ ಎಷ್ಟು ನಿಖರ ಎಂದು ತೂಗಿ ನೋಡಲು ಒಂದು ಕಲ್ಲು ಕೈಗೆ ಸಿಕ್ಕಂತೆ.

ಹುಡುಕಾಟ ಎಲ್ಲಿಂದ ಶುರು ಮಾಡಲಿ?

ನಿಲ್ದಾಣದ ಯಜಮಾನರ ಪಟ್ಟಿಯಿಂದ. ಕಟ್ಟಿದ ಕಂಪನಿ ಯಾವುದು, ಅದನ್ನು ಯಾರು ಕೊಂಡರು, ಯಾವ ವಿಭಾಗಕ್ಕೆ ಸೇರಿತು, ಮುಚ್ಚಿದಾಗ ಯಾರ ಕೈಯಲ್ಲಿತ್ತು ಎಂದು ಒಂದು ಹಾಳೆಯಲ್ಲಿ ಇಸವಿ ಸಮೇತ ಬರೆದುಕೊಳ್ಳಿ. ಕಾಗದಗಳು ನಡೆದುಹೋದ ದಾರಿ ಅದೇ. ಬ್ರಿಟನ್ನಿನಲ್ಲಿ 1923ರಲ್ಲಿ ಹೆಚ್ಚಿನ ಕಂಪನಿಗಳು ನಾಲ್ಕು ದೊಡ್ಡ ಕಂಪನಿಗಳಲ್ಲಿ ಕೂಡಿಕೊಂಡವು, 1948ರಲ್ಲಿ ಆ ನಾಲ್ಕೂ ರಾಷ್ಟ್ರೀಕರಣಗೊಂಡವು. ರಾಷ್ಟ್ರೀಕರಣಕ್ಕೆ ಮುಂಚಿನ ಕಂಪನಿಗಳ ದಾಖಲೆಗಳನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರ 'ರೈಲ್' ಎಂಬ ಸಂಕೇತದಡಿ ಇಟ್ಟಿದೆ. ಯಾರ್ಕಿನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದಲ್ಲಿ ಎಂಜಿನಿಯರಿಂಗ್ ರೇಖಾಚಿತ್ರಗಳ ದೊಡ್ಡ ಭಂಡಾರವಿದೆ. ಅಮೆರಿಕದಲ್ಲಿ 1913ರ ಮೌಲ್ಯಮಾಪನ ಕಾಯ್ದೆಯ ಕಾರಣ ಕಂಪನಿಗಳು ತಮ್ಮ ಜಮೀನು, ಹಳಿ, ಕಟ್ಟಡಗಳ ನಕ್ಷೆಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಅವು ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿವೆ. ವಸಾಹತು ಕಾಲದಲ್ಲಿ ಲಂಡನ್ನಿನಿಂದ ನಡೆಸಿದ ರೈಲು ಮಾರ್ಗಗಳ ಕಾಗದದ ಒಂದು ಪಾಲು ಆ ನಗರದಲ್ಲೇ ಉಳಿದಿರುವುದೂ ಉಂಟು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು ಅದಕ್ಕೆ ಉದಾಹರಣೆ.

ಇಷ್ಟು ದೂರ ಹೋಗುವ ಮುನ್ನ ಆ ಊರಿನ ದೊಡ್ಡ ಪ್ರಮಾಣದ ಸರ್ವೇ ನಕ್ಷೆ ನೋಡಿ. ಬ್ರಿಟನ್ನಿನ ಆರ್ಡ್ನೆನ್ಸ್ ಸರ್ವೇಯ 1:2500 ನಕ್ಷೆಗಳಲ್ಲಿ ಹಳಿಗಳು, ಸಿಗ್ನಲ್ ಕಂಬಗಳು, ಎಂಜಿನ್ನನ್ನು ತಿರುಗಿಸಿ ನಿಲ್ಲಿಸುವ ಟರ್ನ್‌ಟೇಬಲ್ ಸಹ ಗುರುತಾಗಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತಹ ಸಾವಿರಾರು ಹಾಳೆಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಬೆಂಕಿ ವಿಮೆಗಾಗಿ ಮಾಡಿದ ನಗರ ನಕ್ಷೆಗಳನ್ನೂ ಮರೆಯಬೇಡಿ. ಅಮೆರಿಕದ ಸ್ಯಾನ್‌ಬಾರ್ನ್ ನಕ್ಷೆಗಳು ಇಂಚಿಗೆ 50 ಅಡಿಯಂತೆ, ಯಾವ ಗೋಡೆ ಇಟ್ಟಿಗೆಯದು ಯಾವುದು ಮರದ್ದು ಎಂದು ಬಣ್ಣದಲ್ಲಿ ತೋರಿಸುತ್ತವೆ.

ಯಾವ ವರ್ಷದ ನಿಲ್ದಾಣ ಎಂದು ಮೊದಲೇ ತೀರ್ಮಾನಿಸಬೇಕೇ? ಸಿಕ್ಕಿದ್ದನ್ನೆಲ್ಲ ಕೂಡಿಸಿ ಕಟ್ಟಬಾರದೇ?

ಇದೊಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮೊದಲೇ ತೀರ್ಮಾನಿಸಿ. ಸಾಧ್ಯವಾದರೆ ತಿಂಗಳ ಮಟ್ಟಿಗೆ.

ನಿಲ್ದಾಣ ಎಂಬುದು ಒಂದು ವಸ್ತುವಲ್ಲ, ಎಂಬತ್ತು ನೂರು ವರ್ಷ ಬದಲಾಗುತ್ತಲೇ ಇದ್ದ ಜಾಗ. ಪ್ಲಾಟ್‌ಫಾರಂ ಉದ್ದವಾಗುತ್ತದೆ, ಎಣ್ಣೆ ದೀಪ ಹೋಗಿ ಗ್ಯಾಸ್ ಬರುತ್ತದೆ, ಗ್ಯಾಸ್ ಹೋಗಿ ವಿದ್ಯುತ್ ಬರುತ್ತದೆ, ಒಂದು ಸೈಡಿಂಗ್ (ಮುಖ್ಯ ಹಳಿಯಿಂದ ಕವಲೊಡೆದ ಬದಿಯ ಹಳಿ) ಕಿತ್ತುಹಾಕಿ ಇನ್ನೊಂದು ಹಾಕುತ್ತಾರೆ, ಸಿಗ್ನಲ್ ಕ್ಯಾಬಿನ್ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ನಿಮ್ಮ ಕೈಗೆ ಸಿಗುವ ಪ್ರತಿ ನಕ್ಷೆಯೂ ಒಂದು ದಿನದ ಮಾತು. ಅದರಲ್ಲೂ ಬಹಳಷ್ಟು ನಕ್ಷೆಗಳು ಹೀಗೆ ಮಾಡಬೇಕೆಂದಿದ್ದೇವೆ ಎನ್ನುವ ಮಾತು, ಹೀಗಿದೆ ಎನ್ನುವ ಮಾತಲ್ಲ. ಬೇರೆ ಬೇರೆ ದಿನಗಳ ಮಾತನ್ನು ಒಂದೇ ಹಲಗೆಯ ಮೇಲೆ ಕೂಡಿಸಿದರೆ ಎಂದೂ ಇರದಿದ್ದ ನಿಲ್ದಾಣವೊಂದು ಏಳುತ್ತದೆ.

ನಾನು ಮಾಡುವುದು ಹೀಗೆ: ಒಂದು ಉದ್ದ ಕಾಗದದ ಮೇಲೆ ಇಸವಿಗಳ ಗೆರೆ ಎಳೆಯುತ್ತೇನೆ. ಪ್ರತಿ ನಕ್ಷೆ, ಪ್ರತಿ ಫೋಟೊ, ಪ್ರತಿ ವೇಳಾಪಟ್ಟಿಯನ್ನು ಅದರ ದಿನಾಂಕದ ಮೇಲೆ ಗುರುತಿಸುತ್ತೇನೆ. ಗುರುತುಗಳು ಎಲ್ಲಿ ದಟ್ಟವಾಗುತ್ತವೆಯೋ ಅದೇ ನನ್ನ ವರ್ಷ. ಮನಸ್ಸಿಗೆ ಹಿಡಿಸಿದ ವರ್ಷ ಬೇರೆಯಿದ್ದರೂ ಕಾಗದ ದಟ್ಟವಾಗಿರುವ ವರ್ಷಕ್ಕೆ ಮಣಿಯುವುದು ಒಳ್ಳೆಯದು. ಆ ವರ್ಷಕ್ಕಿಂತ ಹಿಂದಿನ ನಕ್ಷೆ ಸಿಕ್ಕಾಗ 'ಇದು ಅಷ್ಟು ಹೊತ್ತಿಗೆ ಉಳಿದಿತ್ತೇ?' ಎಂದೂ, ಮುಂದಿನದು ಸಿಕ್ಕಾಗ 'ಇದು ಆಗಲೇ ಬಂದಿತ್ತೇ?' ಎಂದೂ ಕೇಳಿಕೊಂಡರೆ ಸಾಕು, ಅರ್ಧ ಸಂಶೋಧನೆ ಮುಗಿದಂತೆ.

## 2. ಪತ್ರಾಗಾರದಲ್ಲಿ

ನಿಲ್ದಾಣದ ಹೆಸರು ಹಾಕಿ ಹುಡುಕಿದರೆ ಕ್ಯಾಟಲಾಗಿನಲ್ಲಿ ಏನೂ ಬರುವುದಿಲ್ಲ. ಇಲ್ಲವೆಂದೇ ಅರ್ಥವೇ?

ಅಲ್ಲ. ಕಡತಕ್ಕೆ ಹೆಸರಿಟ್ಟ ಗುಮಾಸ್ತನಿಗೆ ನಿಲ್ದಾಣ ಮುಖ್ಯವಾಗಿರಲಿಲ್ಲ, ಕೆಲಸ ಮುಖ್ಯವಾಗಿತ್ತು. 'ಕೆಳ ಸೇತುವೆ ಅಗಲೀಕರಣ', 'ಸೈಡಿಂಗ್ ಒಪ್ಪಂದ', 'ನೀರು ಸರಬರಾಜು' ಎಂದು ಬರೆದಿರುತ್ತಾನೆ. ಮಾರ್ಗದ ಹೆಸರು, ಪಕ್ಕದ ನಿಲ್ದಾಣಗಳ ಹೆಸರು, ನದಿಯ ಹೆಸರು, ಮೈಲಿ ಸಂಖ್ಯೆ ಇವುಗಳಲ್ಲಿ ಹುಡುಕಿ. ಊರಿನ ಹೆಸರನ್ನು ಆ ಕಾಲದಲ್ಲಿ ಹೇಗೆಲ್ಲ ಬರೆಯುತ್ತಿದ್ದರು ಎಂಬುದನ್ನೂ ಪಟ್ಟಿ ಮಾಡಿಕೊಳ್ಳಿ. ನಿಲ್ದಾಣಕ್ಕೆ ಸೈಡಿಂಗ್ ಹೊಂದಿದ್ದ ಕಾರ್ಖಾನೆ, ಗಿರಣಿ, ಗಣಿ ಇದ್ದರೆ ಅದರ ಕಾಗದಗಳಲ್ಲಿ ಯಾರ್ಡಿನ ಉತ್ತಮ ನಕ್ಷೆ ಅಡಗಿರುವುದುಂಟು. ಒಪ್ಪಂದದ ಪತ್ರಕ್ಕೆ ಬಣ್ಣದ ನಕ್ಷೆಯೊಂದನ್ನು ಹೊಲಿದು ಸೇರಿಸುವುದು ವಾಡಿಕೆಯಾಗಿತ್ತು.

ಕ್ಯಾಟಲಾಗಿಗೇ ಬಾರದ ಸುರುಳಿಗಳೂ ಇರುತ್ತವೆ. ಪತ್ರಾಗಾರದ ಸಿಬ್ಬಂದಿಗೆ ಸ್ಪಷ್ಟವಾಗಿ, ಮೊದಲೇ ಬರೆದು ಕೇಳಿ. 'ಈ ಮಾರ್ಗದ ಬಗ್ಗೆ ಏನಿದೆ' ಎಂದರೆ ಅವರಿಗೂ ಕಷ್ಟ. 'ಈ ಎರಡು ನಿಲ್ದಾಣಗಳ ನಡುವೆ, ಈ ಇಸವಿಯಿಂದ ಈ ಇಸವಿಯವರೆಗೆ, ಯಾರ್ಡ್ ಬದಲಾವಣೆಯ ನಕ್ಷೆಗಳು' ಎಂದರೆ ಅವರ ಕೈ ನೇರವಾಗಿ ಆ ಕಪಾಟಿಗೆ ಹೋಗುತ್ತದೆ.

ಮೊದಲ ಸಲ ಹೋಗುತ್ತಿದ್ದೇನೆ. ಏನು ಕೊಂಡೊಯ್ಯಲಿ, ಹೇಗೆ ನಡೆದುಕೊಳ್ಳಲಿ?

ಪೆನ್ಸಿಲ್, ನೋಟ್ ಪುಸ್ತಕ, ಗುರುತಿನ ಚೀಟಿ, ಅನುಮತಿಯಿದ್ದರೆ ಕ್ಯಾಮೆರಾ. ಪೆನ್ನನ್ನು ಒಳಗೆ ಬಿಡುವುದಿಲ್ಲ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾಗದಕ್ಕೆ ಶುಭ್ರವಾದ ಒಣ ಕೈ ಸಾಕು. ಕೈಗವಸು ಕೇಳುವುದು ಹೆಚ್ಚಾಗಿ ಫೋಟೊಗಳಿಗೆ.

ಹಳೆಯ ಟ್ರೇಸಿಂಗ್ ಬಟ್ಟೆಯ ನಕ್ಷೆಯನ್ನು ಮೊದಲ ಸಲ ಬಿಡಿಸುವ ಗಳಿಗೆಯನ್ನು ಮರೆಯಲಾಗದು. ಗಂಜಿ ಹಾಕಿ ನುಣುಪು ಮಾಡಿದ ತೆಳು ಬಟ್ಟೆ, ಬೆಳಕಿಗೆ ಹಿಡಿದರೆ ಎಣ್ಣೆ ಕಾಗದದಂತೆ ಮಿನುಗುತ್ತದೆ. ಬಿಡಿಸಿದ ತಕ್ಷಣ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ. ನಾಲ್ಕು ಮೂಲೆಗೆ ಅವರು ಕೊಡುವ ತೂಕದ ಚೀಲಗಳನ್ನಿಟ್ಟು ಅದು ತಾನಾಗಿ ಚಪ್ಪಟೆಯಾಗುವವರೆಗೆ ಕಾಯಿರಿ, ಒತ್ತಬೇಡಿ. ಒಂದು ಹನಿ ನೀರು ಬಿದ್ದರೂ ಗಂಜಿ ಕರಗಿ ಕಲೆ ಉಳಿಯುತ್ತದೆ. ನೀಲನಕ್ಷೆಗೆ ಬೆಳಕೇ ಶತ್ರು, ನೋಡಿದ ಮೇಲೆ ಮುಚ್ಚಿಡಿ.

ಹಾಳೆಯ ಹಿಂಬದಿ ನೋಡಲು ಮರೆಯಬೇಡಿ. ದಿನಾಂಕ, ಕಚೇರಿಯ ಮುದ್ರೆ, 'ರದ್ದು' ಎಂಬ ಒಂದೇ ಪದ ಅಲ್ಲಿರಬಹುದು.

ನಕ್ಷೆಯ ಫೋಟೊ ತೆಗೆದುಕೊಂಡು ಬಂದೆ. ಮನೆಯಲ್ಲಿ ನೋಡಿದರೆ ಮೂಲೆಗಳು ವಕ್ರವಾಗಿವೆ. ಇನ್ನೇನು ಮಾಡಲಿ?

ಕ್ಯಾಮೆರಾ ಹಾಳೆಗೆ ನೇರ ಮೇಲಿರಲಿಲ್ಲ, ಅಥವಾ ಬಹಳ ಹತ್ತಿರವಿತ್ತು. ಮುಂದಿನ ಸಲ ಸ್ವಲ್ಪ ಮೇಲೆ ಹೋಗಿ ಜೂಮ್ ಮಾಡಿ. ಮೊದಲು ಇಡೀ ಹಾಳೆ, ಆಮೇಲೆ ಮೂರರಲ್ಲೊಂದು ಭಾಗ ಒಂದರ ಮೇಲೊಂದು ಬರುವಂತೆ ತುಂಡು ತುಂಡಾಗಿ ತೆಗೆಯಿರಿ. ಸಿಬ್ಬಂದಿ ಒಪ್ಪಿದರೆ ಪ್ರತಿ ಚಿತ್ರದಲ್ಲೂ ಉದ್ದಕ್ಕೊಂದು, ಅಗಲಕ್ಕೊಂದು ಕಾಗದದ ಅಳತೆಪಟ್ಟಿ ಕಾಣಲಿ. ಶೀರ್ಷಿಕೆ, ದಿನಾಂಕ, ಸಹಿ, ದಾಖಲೆಯ ಸಂಖ್ಯೆ ಇವುಗಳಿಗೆ ಪ್ರತ್ಯೇಕ ಫೋಟೊ ಬೇಕೇ ಬೇಕು. ಮನೆಗೆ ಬಂದಮೇಲೆ ಸಂಖ್ಯೆಯಿಲ್ಲದ ಇಪ್ಪತ್ತು ನಕ್ಷೆಗಳ ಮುಂದೆ ಕುಳಿತ ಸಂಜೆಯ ನೋವು ನನಗೆ ಗೊತ್ತು.

ಆ ನಕ್ಷೆಯ ಪ್ರತಿಯನ್ನು ಗೆಳೆಯರಿಗೆ ಕಳುಹಿಸಬಹುದೇ, ಪ್ರಕಟಿಸಬಹುದೇ?

ನೋಡಲು ಸಿಕ್ಕ ಅನುಮತಿ ಪ್ರಕಟಿಸಲು ಸಿಕ್ಕ ಅನುಮತಿಯಲ್ಲ. ಸಹಿ ಹಾಕಿದ ಅರ್ಜಿಯಲ್ಲಿ ಷರತ್ತುಗಳಿರುತ್ತವೆ, ಓದಿಕೊಳ್ಳಿ. ಪ್ರಕಟಿಸುವ ಮೊದಲು ಬರೆದು ಕೇಳಿ.

## 3. ನಕ್ಷೆಯನ್ನು ಓದುವುದು

ಒಂದೇ ನಿಲ್ದಾಣಕ್ಕೆ ನಾಲ್ಕೈದು ಬಗೆಯ ನಕ್ಷೆಗಳಿವೆ. ಯಾವುದನ್ನು ಯಾವುದಕ್ಕೆ ನಂಬಬೇಕು?

ಯಾರ ಕೆಲಸಕ್ಕಾಗಿ ಮಾಡಿದ್ದು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಜಮೀನಿನ ನಕ್ಷೆಗೆ ಗಡಿ ಮುಖ್ಯ, ಅದರಲ್ಲಿ ಬೇಲಿ ಅತ್ಯಂತ ನಿಖರ, ಕಟ್ಟಡ ಬರೀ ಚೌಕ. ಯಾರ್ಡ್ ನಕ್ಷೆಗೆ ಹಳಿ ಮುಖ್ಯ. ಸಿಗ್ನಲ್ ನಕ್ಷೆಯಲ್ಲಿ ಹಳಿಗಳ ಕ್ರಮ ಸರಿಯಿರುತ್ತದೆ, ಉದ್ದ ಅಗಲ ಸರಿಯಿರುವುದಿಲ್ಲ. ಏಕೆಂದರೆ ಅದು ಕ್ಯಾಬಿನ್ನಿನವರು ಒಂದೇ ನೋಟಕ್ಕೆ ಅರಿಯಲೆಂದು ಎಳೆದು ಹಿಗ್ಗಿಸಿದ ಚಿತ್ರ. ಗುತ್ತಿಗೆದಾರರಿಗೆ ಕೊಟ್ಟ ಕಟ್ಟಡದ ಚಿತ್ರಗಳಲ್ಲಿ ಮುಂನೋಟ, ಛೇದ (ಕತ್ತರಿಸಿ ತೋರಿಸಿದ ಒಳನೋಟ), ಬಿಡಿಭಾಗ ಎಲ್ಲ ಸಿಗುತ್ತವೆ. ಆದರೆ ಕಟ್ಟುವಾಗ ಖರ್ಚು ಉಳಿಸಲೆಂದು ಬಿಟ್ಟದ್ದು ಅದರಲ್ಲಿ ಕಾಣುವುದಿಲ್ಲ.

ಬ್ರಿಟನ್ನಿನ ಸಂಸತ್ತಿಗೆ ಸಲ್ಲಿಸಿದ ನಕ್ಷೆಗಳ ಬಗ್ಗೆ ಒಂದು ಎಚ್ಚರಿಕೆ. ಮಾರ್ಗಕ್ಕೆ ಕಾಯ್ದೆ ಪಡೆಯಲು ಕಂಪನಿಗಳು ಅವನ್ನು ಒಪ್ಪಿಸುತ್ತಿದ್ದವು. ನೋಡಲು ಬಹಳ ಸುಂದರ. ಆದರೆ ಅವುಗಳಲ್ಲಿರುವುದು ಮಾರ್ಗ ಎಷ್ಟು ಆಚೀಚೆ ಸರಿಯಬಹುದು ಎಂಬ ಮಿತಿ ಮತ್ತು ಯಾರ ಜಮೀನು ಹೋಗುತ್ತದೆ ಎಂಬ ಸಂಖ್ಯೆಗಳು. ಆ ದಿನಕ್ಕೆ ನಿಲ್ದಾಣ ಹುಟ್ಟಿಯೇ ಇರಲಿಲ್ಲ.

ನಕ್ಷೆಯಲ್ಲಿ ಕೆಂಪು, ಹಳದಿ, ನೀಲಿ ಬಣ್ಣಗಳಿವೆ. ಅವು ಏನು ಹೇಳುತ್ತವೆ?

ಹಳೆಯ ಬ್ರಿಟಿಷ್ ಪದ್ಧತಿಯ ಕಟ್ಟಡ ಚಿತ್ರಗಳಲ್ಲಿ ಕತ್ತರಿಸಿ ತೋರಿಸಿದ ಇಟ್ಟಿಗೆಗೆ ಕೆಂಪು ಛಾಯೆ, ಮರಕ್ಕೆ ಕಂದು ಹಳದಿ, ಕಬ್ಬಿಣಕ್ಕೆ ನೀಲಿ ಅಥವಾ ಬೂದು ನೀಲಿ. ಬದಲಾವಣೆಯ ನಕ್ಷೆಗಳಲ್ಲಿ ಬಣ್ಣದ ಅರ್ಥವೇ ಬೇರೆ: ಸಾಮಾನ್ಯವಾಗಿ ಕೆಂಪು ಹೊಸದಾಗಿ ಹಾಕಬೇಕಾದದ್ದು, ಹಳದಿ ತೆಗೆಯಬೇಕಾದದ್ದು. ಮೂಲೆಯಲ್ಲಿ ಬಣ್ಣಗಳ ವಿವರಣೆ ಇದ್ದರೆ ಅದೇ ಅಂತಿಮ. ಕಪ್ಪು ಬಿಳುಪು ಪ್ರತಿ ಮಾತ್ರ ಸಿಕ್ಕಿದ್ದರೆ ಮೂಲವನ್ನು ಒಮ್ಮೆ ಕಣ್ಣಾರೆ ನೋಡಿ. ಹಾಕಬೇಕಾದ ಹಳಿಯೂ ತೆಗೆಯಬೇಕಾದ ಹಳಿಯೂ ಅದರಲ್ಲಿ ಒಂದೇ ರೀತಿ ಕಪ್ಪಾಗಿ ಕಾಣುತ್ತವೆ.

'ಇಂಚಿಗೆ 40 ಅಡಿ', 'ಇಂಚಿಗೆ 2 ಚೈನ್' ಎಂದು ಬರೆದಿದೆ. ಇದನ್ನು ನನ್ನ ಮಾದರಿಯ ಅಳತೆಗೆ ಹೇಗೆ ತರಲಿ?

ಎಲ್ಲವನ್ನೂ ಇಂಚಿಗೆ ಇಳಿಸಿ. 40 ಅಡಿ ಎಂದರೆ 480 ಇಂಚು, ಆದ್ದರಿಂದ ಪ್ರಮಾಣ 1:480. ಒಂದು ಚೈನ್ 66 ಅಡಿ, 80 ಚೈನ್ ಸೇರಿದರೆ ಒಂದು ಮೈಲಿ. 2 ಚೈನ್ ಎಂದರೆ 1,584 ಇಂಚು, ಪ್ರಮಾಣ 1:1584. ಇದನ್ನು ನಿಮ್ಮ ಮಾದರಿಯ ಪ್ರಮಾಣದಿಂದ ಭಾಗಿಸಿ. ಮಾದರಿ ರೈಲುಗಳ ಪ್ರಮಾಣಗಳಿಗೆ ಎಚ್‌ಓ, ಓಓ, ಎನ್ ಎಂಬ ಹೆಸರುಗಳಿವೆ. ಎಚ್‌ಓ ಮಾದರಿ 1:87. 480ನ್ನು 87ರಿಂದ ಭಾಗಿಸಿದರೆ ಸುಮಾರು 5.5, ಅಂದರೆ ನಕ್ಷೆಯನ್ನು ಐದೂವರೆ ಪಟ್ಟು ಹಿಗ್ಗಿಸಬೇಕು. ಇಂಚಿಗೆ 8 ಅಡಿಯ ಕಟ್ಟಡ ಚಿತ್ರ 1:96 ಆದ್ದರಿಂದ ಶೇಕಡಾ 110ಕ್ಕೆ ಹಿಗ್ಗಿಸಿದರೆ ಮುಗಿಯಿತು. 1:160ರ ಎನ್ ಮಾದರಿಗೆ ಅದೇ ಚಿತ್ರವನ್ನು ಶೇಕಡಾ 60ಕ್ಕೆ ಕುಗ್ಗಿಸಬೇಕು.

ಹಿಗ್ಗಿಸಿದಾಗ ಗೆರೆಯ ದಪ್ಪವೂ ಹಿಗ್ಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಗೆರೆ 1:480ರಲ್ಲಿ ನೆಲದ ಮೇಲಿನ 24 ಸೆಂಟಿಮೀಟರ್, 1:2500ರಲ್ಲಿ ಒಂದೂಕಾಲು ಮೀಟರ್. ಸರ್ವೇ ನಕ್ಷೆಯಿಂದ ಪ್ಲಾಟ್‌ಫಾರಂ ಅಗಲವನ್ನು ಇಂಚಿನ ಲೆಕ್ಕದಲ್ಲಿ ತೆಗೆಯಲು ಹೋಗಬಾರದು ಎಂದು ಹೇಳುವುದು ಇದಕ್ಕೇ.

ನಕ್ಷೆಯಲ್ಲಿ ಬರೆದ ಅಂಕಿಗೂ ನಾನು ಅಳೆದದ್ದಕ್ಕೂ ತಾಳೆಯಾಗುತ್ತಿಲ್ಲ. ಯಾವುದು ಸರಿ?

ಬರೆದ ಅಂಕಿ. ಕಾಗದ ಕುಗ್ಗುತ್ತದೆ, ಹಿಗ್ಗುತ್ತದೆ, ಅದೂ ಉದ್ದಕ್ಕೂ ಅಗಲಕ್ಕೂ ಬೇರೆ ಬೇರೆಯಾಗಿ. ನೀಲನಕ್ಷೆಗೆ ಇದು ಹುಟ್ಟಿನಿಂದಲೇ ಬಂದ ದೋಷ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಆ ವಿಧಾನದಲ್ಲಿ ಕಾಗದವನ್ನು ನೀರಿನಲ್ಲಿ ತೊಳೆದು ಒಣಗಿಸಬೇಕಿತ್ತು, ಒಣಗುವಾಗ ಹಾಳೆ ಎಳೆದುಕೊಳ್ಳುತ್ತಿತ್ತು.

ನಕ್ಷೆಯ ಮೇಲೆ ಗೆರೆಯಾಗಿ ಬರೆದ ಅಳತೆಪಟ್ಟಿ ಇದ್ದರೆ ಅದು ವರ. ಹಾಳೆಯ ಜೊತೆ ಅದೂ ಅಷ್ಟೇ ಕುಗ್ಗಿರುತ್ತದೆ. 150 ಮಿಲಿಮೀಟರ್ ಇರಬೇಕಾದ ಪಟ್ಟಿ 148.5 ಬಂದರೆ ಹಾಳೆ ಆ ದಿಕ್ಕಿನಲ್ಲಿ ಶೇಕಡಾ 1ರಷ್ಟು ಕುಗ್ಗಿದೆ. ಸಣ್ಣದೆಂದು ಬಿಡಬೇಡಿ. 300 ಮೀಟರ್ ಉದ್ದದ ನಿಲ್ದಾಣದಲ್ಲಿ ಅದು 3 ಮೀಟರ್, ಎಚ್‌ಓ ಹಲಗೆಯ ಮೇಲೆ 34 ಮಿಲಿಮೀಟರ್. ಎರಡು ಪಾಯಿಂಟುಗಳ (ಹಳಿ ಕವಲೊಡೆಯುವ ಜಾಗಗಳ) ನಡುವೆ ನಿಲ್ಲಬೇಕಾದ ವ್ಯಾಗನ್ ನಿಲ್ಲದೆ ಹೋಗಲು ಅಷ್ಟು ಸಾಕು. ಅಡ್ಡ ದಿಕ್ಕಿಗೆ ಅಳತೆಪಟ್ಟಿ ಇರುವುದಿಲ್ಲ. ಅಲ್ಲಿ ಅಂಕಿ ಬರೆದ ಗೋಡೆಯನ್ನೋ ಚೌಕಳಿ ಗೆರೆಯನ್ನೋ ಅಳೆದು ಬೇರೆಯೇ ಲೆಕ್ಕ ಮಾಡಿ.

ಅಳತೆ ಎಲ್ಲ ಸರಿಮಾಡಿದೆ. ಆದರೂ ಅಂಗಡಿಯಿಂದ ತಂದ ಹಳಿ ನಕ್ಷೆಯ ಮೇಲೆ ಕೂರುವುದಿಲ್ಲ. ಏನು ತಪ್ಪು?

ತಪ್ಪು ನಿಮ್ಮದಲ್ಲ. ನಿಜದ ಹಳಿಯ ತಿರುವುಗಳು ಬಹಳ ಉದಾರ. 200 ಮೀಟರ್ ತ್ರಿಜ್ಯದ ತಿರುವು ಎಚ್‌ಓದಲ್ಲಿ 2.3 ಮೀಟರ್ ಆಗುತ್ತದೆ. 60 ಸೆಂಟಿಮೀಟರ್ ತ್ರಿಜ್ಯದ ಸಿದ್ಧ ಪಾಯಿಂಟ್ ನಿಜದಲ್ಲಿ ಕೇವಲ 52 ಮೀಟರ್. ಅದು ನಕ್ಷೆಯ ಪಾಯಿಂಟಿಗಿಂತ ಗಿಡ್ಡ, ಕವಲಿನ ಕೋನ ಹೆಚ್ಚು.

ಗೇಜೂ, ಅಂದರೆ ಜೋಡಿ ಹಳಿಗಳ ನಡುವಿನ ಅಂತರವೂ, ಕಾರಣವಿರಬಹುದು. 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್ ಎಚ್‌ಓದಲ್ಲಿ 16.5 ಮಿಲಿಮೀಟರಾಗಿ ಸರಿಯಾಗಿ ಕೂರುತ್ತದೆ. 1:76.2ರ ಓಓ ಮಾದರಿಯಲ್ಲಿ ಅದು 18.83 ಆಗಬೇಕು, ಆದರೆ ವಾಡಿಕೆಯ ಹಳಿ ಅಲ್ಲೂ 16.5 ಮಾತ್ರ. 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಎಚ್‌ಓದಲ್ಲಿ 19.2 ಬೇಕು. ಆದ್ದರಿಂದ ನಕ್ಷೆಯಿಂದ ಹಳಿಗಳ ಮಧ್ಯರೇಖೆಯನ್ನು ತೆಗೆದುಕೊಳ್ಳಿ, ಹಳಿಯ ಅಂಚನ್ನಲ್ಲ. ಮನಸ್ಸಿದ್ದರೆ ಪಾಯಿಂಟುಗಳನ್ನು ಕೈಯಿಂದಲೇ ಕಟ್ಟಿ. ಯಾರ್ಡಿನ ಆ ನಿಧಾನವಾದ ಬಳುಕು ಮಾದರಿಯಲ್ಲಿ ಬರುವುದು ಆಗ ಮಾತ್ರ.

## 4. ನಕ್ಷೆ ಸುಮ್ಮನಿರುವ ಕಡೆ

ನೆಲದ ಅಳತೆ ಸಿಕ್ಕಿದೆ, ಎತ್ತರ ಸಿಗುತ್ತಿಲ್ಲ. ಫೋಟೊದಿಂದ ತೆಗೆಯಬಹುದೇ?

ತೆಗೆಯಬಹುದು, ತಾಳ್ಮೆ ಬೇಕು. ಗೋಡೆಗೆ ನೇರ ಎದುರು ನಿಂತು ತೆಗೆದ ಫೋಟೊ ಹುಡುಕಿ. ಆ ಗೋಡೆಯ ಅಗಲ ನಕ್ಷೆಯಲ್ಲಿದೆಯಲ್ಲವೇ? ಫೋಟೊದಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವೇ ನಿಜದಲ್ಲೂ ಇರುತ್ತದೆ. ಇಟ್ಟಿಗೆಯ ಗೋಡೆಯಾದರೆ ವರಸೆಗಳನ್ನು (ಇಟ್ಟಿಗೆಯ ಅಡ್ಡ ಸಾಲುಗಳನ್ನು) ಎಣಿಸಿ. ಬಾಗಿಲಿನ ಎತ್ತರ ಗೊತ್ತಿದ್ದು ಅದರ ಪಕ್ಕ 28 ವರಸೆ ಬಂದರೆ ಒಂದು ವರಸೆಯ ದಪ್ಪ ಸಿಕ್ಕಿತು, ಮೇಲಿನದೆಲ್ಲ ಎಣಿಕೆ. ಈ ಲೆಕ್ಕ ನಡೆಯುವುದು ಒಂದೇ ಸಮತಲದಲ್ಲಿ. ಗೋಡೆಯ ಅಳತೆಯಿಂದ ಅದರ ಮುಂದೆ ನಿಂತ ಕಂಬವನ್ನು ಅಳೆದರೆ ಕಂಬ ಉದ್ದವಾಗಿ ಬರುತ್ತದೆ.

ವಿಮಾನದಿಂದ ತೆಗೆದ ಹಳೆಯ ಚಿತ್ರ ಸಿಕ್ಕಿದರೆ ನೆರಳು ಅಳೆಯಿರಿ. ಒಂದೇ ಚಿತ್ರದಲ್ಲಿ, ಸಮ ನೆಲದ ಮೇಲೆ, 6 ಮೀಟರ್ ಎತ್ತರದ್ದೆಂದು ಗೊತ್ತಿರುವ ಕಟ್ಟಡದ ನೆರಳು 9 ಮಿಲಿಮೀಟರ್ ಇದ್ದು ನೀರಿನ ತೊಟ್ಟಿಯದು 12 ಇದ್ದರೆ ತೊಟ್ಟಿ 8 ಮೀಟರ್.

ನಕ್ಷೆ ಒಂದು ಹೇಳುತ್ತದೆ, ಫೋಟೊ ಇನ್ನೊಂದು ಹೇಳುತ್ತದೆ. ಯಾರ ಮಾತು ಕೇಳಲಿ?

ಇಂತಹ ಜಗಳ ಎದುರಾದರೆ ಸಂತೋಷಪಡಿ. ನಿಲ್ದಾಣದ ಕಥೆ ತೆರೆದುಕೊಳ್ಳುವುದು ಅಲ್ಲೇ.

ನಾನು ಕಟ್ಟುತ್ತಿದ್ದ ಒಂದು ಸಣ್ಣ ನಿಲ್ದಾಣದ ಚಿತ್ರದಲ್ಲಿ ಜಗಲಿಗೆ ಏಳು ಕಂಬಗಳಿದ್ದವು. ಫೋಟೊಗಳಲ್ಲೆಲ್ಲ ಆರು. ಗುತ್ತಿಗೆದಾರ ಒಂದನ್ನು ಬಿಟ್ಟಿರಬೇಕೆಂದು ಆರು ಕಂಬಗಳನ್ನು ಸಮ ಅಂತರದಲ್ಲಿ ನಿಲ್ಲಿಸಿದೆ. ನೋಡಿದಾಗಲೆಲ್ಲ ಏನೋ ಸರಿಯಿಲ್ಲ ಎನಿಸುತ್ತಿತ್ತು. ತಿಂಗಳುಗಳ ಮೇಲೆ ಒಂದು ಫೋಟೊವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗ ಪ್ಲಾಟ್‌ಫಾರಂ ಮೇಲೆ ಬಿದ್ದ ನೆರಳುಗಳು ಕಣ್ಣಿಗೆ ಬಿದ್ದವು. ಐದು ನೆರಳುಗಳ ನಡುವೆ ಒಂದೇ ಅಂತರ, ಆರನೆಯದು ಅದರ ಎರಡರಷ್ಟು ದೂರ. ಕಂಬಗಳು ಏಳೇ ಇದ್ದವು, ಒಂದನ್ನು ಆಮೇಲೆ ತೆಗೆದಿದ್ದರು. ಆ ಜಾಗದ ಎದುರಿಗೆ ಪಾರ್ಸೆಲ್ ಕೋಣೆಯ ಬಾಗಿಲಿತ್ತು, ಕೈಗಾಡಿ ತಿರುಗಲು ಕಂಬ ಅಡ್ಡವಾಗಿದ್ದಿರಬೇಕು. ಮಾದರಿಯ ಕಂಬಗಳನ್ನೆಲ್ಲ ಕಿತ್ತು ಮತ್ತೆ ನಿಲ್ಲಿಸಿದೆ. ಈಗ ಆ ಖಾಲಿ ಜಾಗದಲ್ಲಿ ಒಂದು ಪುಟ್ಟ ಕೈಗಾಡಿ ನಿಂತಿದೆ.

ನೇರ ಉತ್ತರ ಬೇಕೆಂದರೆ: ದಿನಾಂಕ ಖಚಿತವಾಗಿರುವ ಫೋಟೊ ನಕ್ಷೆಗಿಂತ ಮೇಲು. ಆದರೆ ಫೋಟೊ ಎಡಬಲ ಅದಲುಬದಲಾಗಿ ಮುದ್ರಣವಾಗಿಲ್ಲ ಎಂದು ಮೊದಲು ನೋಡಿ. ಫಲಕದ ಅಕ್ಷರ, ಅಂಗಿಯ ಗುಂಡಿ ಹಾಕಿದ ಬದಿ, ನೆರಳು ಬಿದ್ದ ದಿಕ್ಕು ಹೇಳಿಬಿಡುತ್ತವೆ.

ಎಲ್ಲ ಫೋಟೊಗಳೂ ಕಪ್ಪು ಬಿಳುಪು. ಬಣ್ಣ ಹೇಗೆ ತಿಳಿಯಲಿ?

ಛಾಯೆ ನೋಡಿ ಊಹಿಸಬೇಡಿ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಅದರಲ್ಲಿ ಕಡುಗೆಂಪು ಬಾಗಿಲು ಕಪ್ಪಾಗಿಯೂ ನೀಲಿ ಫಲಕ ಬೆಳ್ಳಗೂ ಬರುತ್ತದೆ. ಕಂಪನಿ ಬಣ್ಣದ ಬಗ್ಗೆ ಹೊರಡಿಸಿದ ಸೂಚನೆಗಳು, ಬಣ್ಣ ಖರೀದಿಯ ಕಡತಗಳು ನೆರವಾಗುತ್ತವೆ. ಬಾಗಿಲ ತುಂಡೊಂದು ಎಲ್ಲಾದರೂ ಉಳಿದಿದ್ದು, ಅದರ ಒಡೆಯರು ಒಪ್ಪಿದರೆ, ಕಾಣದ ಮೂಲೆಯಲ್ಲಿ ನುಣುಪಾಗಿ ಉಜ್ಜಿ ನೋಡಿ. ಬಣ್ಣದ ಪದರಗಳು ಮರದ ಉಂಗುರಗಳಂತೆ ಒಂದರೊಳಗೊಂದು ತೆರೆದುಕೊಳ್ಳುತ್ತವೆ.

ಸಿಗ್ನಲ್‌ಗಳು ಎಲ್ಲಿದ್ದವು, ಹೇಗೆ ಕೆಲಸ ಮಾಡುತ್ತಿದ್ದವು ಎಂದು ತಿಳಿಯುವುದು ಹೇಗೆ?

ಕ್ಯಾಬಿನ್ನಿನ ಸನ್ನೆಗೋಲುಗಳ ಪಟ್ಟಿ ಸಿಕ್ಕಿದರೆ ಬಹುಪಾಲು ಕೆಲಸ ಮುಗಿಯಿತು. ಪ್ರತಿ ಸಂಖ್ಯೆಗೂ ಒಂದು ಸಿಗ್ನಲ್, ಪಾಯಿಂಟ್ ಅಥವಾ ಬೀಗ. ಕ್ಯಾಬಿನ್ನಿನ ಒಳಗಿನ ಬಣ್ಣದ ಚಿತ್ರವೂ ಅಷ್ಟೇ ಬೆಲೆಯದು. ಬ್ರಿಟಿಷ್ ಪದ್ಧತಿಯಲ್ಲಿ ನಿಲುಗಡೆ ಸಿಗ್ನಲಿಗೆ ಕೆಂಪು ಸನ್ನೆಗೋಲು, ಮುಂದಿನ ಸಿಗ್ನಲ್ ಬಗ್ಗೆ ಮೊದಲೇ ಎಚ್ಚರಿಸುವ ದೂರದ ಸಿಗ್ನಲಿಗೆ ಹಳದಿ, ಪಾಯಿಂಟಿಗೆ ಕಪ್ಪು, ಪಾಯಿಂಟಿನ ಬೀಗಕ್ಕೆ ನೀಲಿ. ಬಿಳಿ ಎಂದರೆ ಕೆಲಸವಿಲ್ಲದ್ದು. ಸಾಲಿನ ನಡುವೆ ಬಿಳಿ ಸನ್ನೆಗೋಲುಗಳು ಜೊತೆಜೊತೆಯಾಗಿ ಕಂಡರೆ ಅಲ್ಲೊಂದು ಸೈಡಿಂಗ್ ಇದ್ದು ಹೋಗಿರಬಹುದು, ಹಳೆಯ ಯಾರ್ಡ್ ನಕ್ಷೆಯ ಜೊತೆ ತಾಳೆ ನೋಡಿ. ಸಿಬ್ಬಂದಿಯ ಬಳಕೆಗೆಂದು ಅಚ್ಚಾದ ಒಳ ವೇಳಾಪಟ್ಟಿಯಲ್ಲಿ ಯಾವ ಗೂಡ್ಸ್ ರೈಲು ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂದಿರುತ್ತದೆ.

ಅಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ಇನ್ನೂ ಇದ್ದಾರೆ. ಅವರ ನೆನಪನ್ನು ಎಷ್ಟು ನಂಬಬಹುದು?

ಇಸವಿಗೆ ನಂಬಬೇಡಿ, ಕೆಲಸಕ್ಕೆ ಪೂರ್ತಿ ನಂಬಿ. ನಾಳೆಗೆ ಮುಂದೂಡದೆ ಹೋಗಿ. 'ಏನಿತ್ತು?' ಎಂದು ಕೇಳುವ ಬದಲು ನಕ್ಷೆಯ ದೊಡ್ಡ ಪ್ರತಿಯನ್ನು ಮೇಜಿನ ಮೇಲೆ ಹಾಸಿ, 'ಬೆಳಿಗ್ಗೆ ಬಂದ ಕೂಡಲೇ ಎಲ್ಲಿಗೆ ಹೋಗುತ್ತಿದ್ದಿರಿ?' ಎಂದು ಕೇಳಿ. ಬೆರಳು ನಕ್ಷೆಯ ಮೇಲೆ ನಡೆಯತೊಡಗುತ್ತದೆ. ಇಲ್ಲಿ ಎಣ್ಣೆ ಡಬ್ಬಿ ಇಡುತ್ತಿದ್ದೆವು, ಈ ಪಾಯಿಂಟ್ ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಈ ಬಾಗಿಲು ಯಾವತ್ತೂ ತೆರೆದದ್ದಿಲ್ಲ. ಯಾವ ಪತ್ರಾಗಾರದಲ್ಲೂ ಇಲ್ಲದ ಮಾತುಗಳು ಇವು. ಅನುಮತಿ ಪಡೆದು ಧ್ವನಿ ಮುದ್ರಿಸಿಕೊಳ್ಳಿ.

ನನ್ನ ಕೋಣೆಯಲ್ಲಿ ಅಷ್ಟು ಜಾಗವಿಲ್ಲ. ನಿಲ್ದಾಣವನ್ನು ಕುಗ್ಗಿಸಿದರೆ ಸಂಶೋಧನೆ ವ್ಯರ್ಥವಾಗುವುದಿಲ್ಲವೇ?

ಇಲ್ಲ. 300 ಮೀಟರಿನ ನಿಲ್ದಾಣಕ್ಕೆ ಎಚ್‌ಓದಲ್ಲಿ ಸುಮಾರು 3.45 ಮೀಟರ್, ಎನ್ ಮಾದರಿಯಲ್ಲಿ 1.9 ಮೀಟರ್ ಬೇಕು. ಅದೂ ಇಲ್ಲವೆಂದಾದರೆ ಕಟ್ಟಡಗಳನ್ನು ಸರಿಯಳತೆಯಲ್ಲೇ ಇಟ್ಟು ಅವುಗಳ ನಡುವಿನ ಬರಿ ಹಳಿಯನ್ನು ಕಡಿಮೆ ಮಾಡಿ. ಕಟ್ಟಡವನ್ನೇ ಕಿರಿದು ಮಾಡಿದರೆ ಬಾಗಿಲು ಕಿಟಕಿಗಳ ಹೊಂದಾಣಿಕೆ ಕೆಟ್ಟು ಮುಖವೇ ಬದಲಾಗುತ್ತದೆ. ಪಾಯಿಂಟುಗಳ ಕ್ರಮ ಹಾಗೇ ಇರಲಿ, ಆಗ ವ್ಯಾಗನ್‌ಗಳನ್ನು ಅಲ್ಲಿಯವರು ಸರಿಸುತ್ತಿದ್ದ ಹಾಗೆಯೇ ನೀವೂ ಸರಿಸಬಹುದು.

ಮಾದರಿ ಮುಗಿಯಿತು. ಕೂಡಿಸಿದ ಕಾಗದಗಳನ್ನೆಲ್ಲ ಏನು ಮಾಡಲಿ?

ನೀವು ಬಿಡಿಸಿದ ಚಿತ್ರಗಳ ಒಂದು ಶುದ್ಧ ಪ್ರತಿ ಮಾಡಿ. ಪ್ರತಿ ಅಳತೆಯ ಪಕ್ಕ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿ: ನಕ್ಷೆಯಲ್ಲಿ ಬರೆದದ್ದಕ್ಕೆ ಒಂದು, ನಕ್ಷೆಯಿಂದ ಅಳೆದದ್ದಕ್ಕೆ ಒಂದು, ಫೋಟೊದಿಂದ ಲೆಕ್ಕ ಹಾಕಿದ್ದಕ್ಕೆ ಒಂದು, ಊಹಿಸಿದ್ದಕ್ಕೆ ಇನ್ನೊಂದು. ನಾನು ಊಹೆಯನ್ನು ಯಾವಾಗಲೂ ಚುಕ್ಕೆ ಗೆರೆಯಲ್ಲಿ ಬಿಡಿಸುತ್ತೇನೆ. ಒಂದು ಪ್ರತಿಯನ್ನು ನಕ್ಷೆ ಕೊಟ್ಟ ಪತ್ರಾಗಾರಕ್ಕೆ, ಇನ್ನೊಂದನ್ನು ಆ ಊರಿನ ಗ್ರಂಥಾಲಯಕ್ಕೆ ಕಳುಹಿಸಿ. ಹಿರಿಯರ ಧ್ವನಿಮುದ್ರಣವಿದ್ದರೆ ಅದರ ಪ್ರತಿ ಮೊದಲು ಅವರ ಮನೆಗೆ ಹೋಗಲಿ.